ಗಿಡ್ಡ ಗೇರಿನ ಪಾಠ

ಹೊಸ ಜೀಪಿನಲ್ಲಿ ಮಾಮೂಲಿ ಗೇರಿನ ಪಕ್ಕ ಇನ್ನೊಂದು ಗಿಡ್ಡ ಗೇರು ಇದ್ದದ್ದೇ ಎಲ್ಲ ರಾದ್ಧಾಂತಕ್ಕೂ ಮೂಲ. ಅದರ ತಲೆಯ ಮೇಲೆ ಟೂ ಎಚ್, ಫೋರ್ ಎಚ್, ಫೋರ್ ಎಲ್ ಎಂದು ಮೂರು ಗುರುತುಗಳಿದ್ದವು. ಟೂ ಎಚ್ ಅಂದರೆ ಎರಡೇ ಚಕ್ರಕ್ಕೆ ಇಂಜಿನ್ನಿನ ಬಲ, ಫೋರ್ ಎಚ್ ಅಂದರೆ ನಾಲ್ಕಕ್ಕೂ, ಫೋರ್ ಎಲ್ ಅಂದರೆ ನಾಲ್ಕಕ್ಕೂ ನಿಧಾನದ ಭಾರೀ ಎಳೆತ. "ಇದು ಫೋರ್ ವೀಲ್ ಡ್ರೈವ್ ಅಂತೆ. ನಿಮಗೆ ಇದನ್ನ..." ಎಂದು ನೀರು ಸರಬರಾಜು ಕಚೇರಿಯ ಹೊಸ ಅಧಿಕಾರಿ ಮೇಡಂ ಕೇಳುವಷ್ಟರಲ್ಲೇ ಅಲ್ಲಿನ ಡ್ರೈವರು "ಗೊತ್ತು ಮೇಡಂ" ಎಂದುಬಿಟ್ಟ.

ಪ್ರಪಂಚದಲ್ಲಿ ಯಾರು ಏನು ಕೇಳಿದರೂ ಅವನದು ಅದೇ ಉತ್ತರ. ಅದಕ್ಕೇ ಕಚೇರಿಯವರೆಲ್ಲ ಅವನಿಗೆ ಗೊತ್ತಪ್ಪ ಎಂದು ನಾಮಕರಣ ಮಾಡಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದುಕೊಂಡಿತ್ತು.

ಈ ಸಲ ಅವನು ಹಾಗೆ ಹೇಳಿದ್ದಕ್ಕೆ ಕಾರಣವೂ ಇತ್ತು ಅನ್ನಿ. ಹನ್ನೊಂದು ವರ್ಷದಿಂದ ಅವನು ನೀರಿನ ಟ್ಯಾಂಕರ್ ಓಡಿಸಿ ಸೊಂಟ ಕಳೆದುಕೊಂಡಿದ್ದ. ಆ ಸೀಟಿನ ಸ್ಪ್ರಿಂಗುಗಳು ಒಂದೊಂದೂ ಎಲ್ಲಿ ಚುಚ್ಚುತ್ತವೆ ಎಂಬುದನ್ನು ಅವನು ಕಣ್ಣು ಮುಚ್ಚಿ ಹೇಳಬಲ್ಲವನಾಗಿದ್ದ. ಯಾವ ಬೀದಿಗೆ ಹೋದರೂ ಖಾಲಿ ಬಿಂದಿಗೆ ಹಿಡಿದವರು ಸುತ್ತುವರಿದು ಅವನ ಏಳು ತಲೆಮಾರಿನ ಜನ್ಮ ಜಾಲಾಡುತ್ತಿದ್ದರು. ಈಗ ಜೀಪಿನ ಡ್ರೈವರು ನಿವೃತ್ತನಾಗಿ ಜಾಗ ಖಾಲಿಯಾಗಿತ್ತು.

"ಇವತ್ತು ಗುಡ್ಡದ ಮೇಲಿನ ನೀರಿನ ತೊಟ್ಟಿ ನೋಡಬೇಕು. ಸರಿಯಾಗಿ ಕರ್ಕೊಂಡು ಹೋದ್ರೆ ಜೀಪು ನಿಮ್ಮದೇ. ಟ್ಯಾಂಕರಿಗೆ ಬೇರೆಯವರನ್ನ ತಗೋತೀನಿ. ಸಂಜೆನೇ ಆರ್ಡರ್ ಮಾಡ್ತೀನಿ" ಎಂದರು ಮೇಡಂ. ಅವರು ಈ ಕಚೇರಿಗೆ ಬಂದು ಇನ್ನೂ ಎರಡು ವಾರವಾಗಿತ್ತಷ್ಟೆ.

ಗೊತ್ತಪ್ಪ ನೆಟ್ಟಗೆ ಸ್ಟೋರ್ ಕೀಪರ್ ಹತ್ತಿರ ಓಡಿದ. ಸ್ಟೋರ್ ಕೀಪರ್ ಜನ್ಮದಲ್ಲಿ ಯಾವ ಗಾಡಿಯನ್ನೂ ಓಡಿಸಿದವನಲ್ಲ, ಆದರೆ ಸಲಹೆಗೆ ಮಾತ್ರ ಅವನಲ್ಲಿ ಬರವಿರಲಿಲ್ಲ.

"ಮಳೆ ಶುರುವಾದ ಮೇಲೆ ಕೊಡೆ ಹುಡುಕ್ತಾರೇನಯ್ಯ? ಗೇಟಲ್ಲೇ ಫೋರ್ ಎಚ್‌ಗೆ ಹಾಕ್ಬಿಡು. ವಾಪಸ್ ಬರೋವರೆಗೂ ಅದನ್ನ ಮುಟ್ಟಬೇಡ."

ಟೈಪಿಸ್ಟ್ ತಲೆಯೆತ್ತಿದ. "ಕೆಸರು ಕಂಡ್ರೆ ಹೆದರಬಾರದು. ಆಕ್ಸಿಲರೇಟರ್ ಪೂರ್ತಿ ಒತ್ತಿಬಿಡಬೇಕು. ನಮ್ಮ ಭಾವ ಹಾಗೇ ಮಾಡೋದು."

"ನಿಮ್ಮ ಭಾವನ ಹತ್ರ ಜೀಪಿದೆಯಾ?"

"ಸ್ಕೂಟರಿದೆ."

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಗೊತ್ತಪ್ಪ ಗೇಟಿನಲ್ಲೇ ಫೋರ್ ಎಚ್‌ಗೆ ಹಾಕಿದ. ನೇರವಾದ ಟಾರು ರಸ್ತೆಯಲ್ಲಿ ಜೀಪು ಸಂಭಾವಿತನ ಹಾಗೆ ಹೋಯಿತು. ಮೊದಲ ಸರ್ಕಲ್ಲಿನಲ್ಲಿ ತಿರುಗಿಸಿದ್ದೇ ತಡ, ಸ್ಟೀರಿಂಗು ಹಟ ಹಿಡಿಯಿತು. ಟೈರುಗಳು ಕಿರ್ರೋ ಎಂದವು. ಗಾಡಿ ಕುಪ್ಪಳಿಸಿದ ರಭಸಕ್ಕೆ ಮೇಡಮ್ಮಿನ ಕನ್ನಡಕ ಮಡಿಲಿಗೆ ಬಿತ್ತು.

"ಏನ್ರೀ ಇದು?"

"ಹೊಸ ಗಾಡಿ ಮೇಡಂ, ಇನ್ನೂ ಪಳಗಿಲ್ಲ."

ಗೊತ್ತಪ್ಪ ಮೆಲ್ಲಗೆ ಗಿಡ್ಡ ಗೇರನ್ನು ಹಿಂದಕ್ಕೆ ಎಳೆದು ನೋಡಿದ. ಅದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಹೊಸ ಗಾಡಿಯನ್ನು ಒಂದೇ ತಿರುವಿನಲ್ಲಿ ಕೆಡಿಸಿದೆನಲ್ಲಪ್ಪ ಎಂದುಕೊಂಡು, ಉಳಿದ ಏಳು ತಿರುವುಗಳಲ್ಲೂ ಹಾಗೇ ಕುಪ್ಪಳಿಸಿಕೊಂಡು ಹೋದ.

ಟಾರು ಮುಗಿದು ಗುಡ್ಡದ ಏರು ಬಂತು. ಹಿಂದಿನ ದಿನದ ಮಳೆಗೆ ದಾರಿಯೆಲ್ಲ ಕೆಸರು. ಗೊತ್ತಪ್ಪ ಟೈಪಿಸ್ಟನ ಭಾವನನ್ನು ನೆನೆದು ಮೂರನೇ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿದ. ಇಂಜಿನ್ ಕಿರುಚಿತು, ಚಕ್ರಗಳು ನಿಂತಲ್ಲೇ ಗಿರಗಿರ ತಿರುಗಿದವು, ಕೆಸರು ತೆರೆದ ಕಿಟಕಿಯಿಂದ ಹಾರಿಬಂದು ಮೇಡಮ್ಮಿನ ಸೀರೆಯ ಮೇಲೆಲ್ಲ ರಾಚಿತು. ಜೀಪು ಅರ್ಧ ಚಕ್ರದವರೆಗೆ ಹೂತು ಕೂತಿತು.

ಗಾಬರಿಯಲ್ಲಿ ಅವನು ಚಕ್ರ ತಿರುಗುತ್ತಿರುವಾಗಲೇ ಗಿಡ್ಡ ಗೇರನ್ನು ಫೋರ್ ಎಲ್ ಕಡೆಗೆ ತಳ್ಳಿದ. ಮಿಕ್ಸಿಗೆ ಕಲ್ಲು ಹಾಕಿದಂಥ ಸದ್ದು ಬಂತು.

"ನಿಲ್ಸ್ರೀ ಮೊದಲು" ಎಂದು ಮೇಡಂ ತಮ್ಮ ಸೀಟಿನ ಮುಂದಿನ ಡಬ್ಬಿ ತೆಗೆದು ಜೀಪಿನ ಪುಸ್ತಕ ಹೊರಗೆಳೆದರು. "ಇದರ ಕವರನ್ನೇ ಬಿಚ್ಚಿಲ್ವಲ್ರೀ" ಎನ್ನುತ್ತ ಅದನ್ನು ಹರಿದು ಗಟ್ಟಿಯಾಗಿ ಓದತೊಡಗಿದರು.

"ಒಣಗಿದ ಗಟ್ಟಿ ರಸ್ತೆಯಲ್ಲಿ ಫೋರ್ ವೀಲ್ ಹಾಕಬಾರದು. ಹಾಕಿದರೆ ತಿರುವಿನಲ್ಲಿ ಗಾಡಿ ಎಗರುತ್ತದೆ, ಗೇರು ಬಿಗಿದುಕೊಳ್ಳುತ್ತದೆ. ಬಿಗಿದರೆ ನೇರವಾಗಿ ನಾಲ್ಕು ಅಡಿ ಹಿಂದಕ್ಕೆ ಬಂದು ಬಿಡಿಸಬೇಕು." ಅವನ ಕಡೆಗೊಮ್ಮೆ ನೋಡಿದರು. "ಫೋರ್ ಎಲ್‌ಗೆ ಹಾಕುವ ಮುಂಚೆ ಗಾಡಿ ಪೂರ್ತಿ ನಿಲ್ಲಿಸಿ ನ್ಯೂಟ್ರಲ್‌ಗೆ ತರಬೇಕು." ಮತ್ತೆ ನೋಡಿದರು. "ಕೆಸರಿನಲ್ಲಿ ಫಸ್ಟ್ ಗೇರು, ಹಗುರವಾದ ಕಾಲು. ಜೋರಾಗಿ ಒತ್ತಿದಷ್ಟೂ ಗಾಡಿ ಹೂತುಹೋಗುತ್ತದೆ."

ಪುಸ್ತಕ ಮಡಚಿದರು. "ಮೂರಕ್ಕೆ ಮೂರೂ ಉಲ್ಟಾ ಮಾಡಿದ್ದೀರಲ್ರೀ. ನಿಮಗೆ ಇದು ಬರುತ್ತೋ ಇಲ್ವೋ?"

ಗೊತ್ತಪ್ಪನಿಗೆ ಟ್ಯಾಂಕರಿನ ಸ್ಪ್ರಿಂಗು ಈಗಲೇ ಚುಚ್ಚಿದಂತಾಯಿತು.

"ಬೇಕಂತಲೇ ಮಾಡಿದ್ದು ಮೇಡಂ."

"ಏನಂದ್ರಿ?"

"ಸರಿಯಾದ್ದನ್ನೇ ತೋರಿಸ್ತಾ ಹೋದ್ರೆ ಯಾರಿಗೂ ತಲೇಲಿ ನಿಲ್ಲಲ್ಲ. ಮೊದಲು ತಪ್ಪು ಮಾಡಿದ್ರೆ ಏನಾಗುತ್ತೆ ಅಂತ ನೋಡಬೇಕು, ಆಮೇಲೆ ಸರಿ ಮಾಡಬೇಕು. ನಿಮಗೂ ತಿಳಿದಿರ್ಲಿ ಅಂತ..."

ತನ್ನ ನಾಲಗೆ ಆಡಿದ್ದನ್ನು ಕೇಳಿ ಅವನೇ ಬೆಚ್ಚಿಬಿದ್ದ. ಮೇಡಂ ಸೀರೆಯ ಕೆಸರನ್ನು ನೋಡಿಕೊಂಡರು, ಅವನ ಮುಖವನ್ನು ನೋಡಿದರು. "ಹಾಗಾದ್ರೆ ಈಗ ಸರಿ ಮಾಡಿ ತೋರಿಸಿ" ಎಂದರು.

ಅವನು ಪುಸ್ತಕ ಹೇಳಿದಂತೆಯೇ ಗಾಡಿಯನ್ನು ನ್ಯೂಟ್ರಲ್‌ಗೆ ತಂದು, ಗಿಡ್ಡ ಗೇರನ್ನು ಫೋರ್ ಎಲ್‌ಗೆ ಹಾಕಿದ. ಅದು ಮೆತ್ತಗೆ ಕೂತಿತು. ಫಸ್ಟ್ ಗೇರಿಗೆ ಹಾಕಿ, ಆಕ್ಸಿಲರೇಟರಿಗೆ ಕಾಲು ಸೋಕಿಯೂ ಸೋಕದ ಹಾಗೆ ಇಟ್ಟ. ಜೀಪು ಕೆರೆಯಿಂದೇಳುವ ಎಮ್ಮೆಯ ಹಾಗೆ ನಿಧಾನವಾಗಿ ಮೈ ಕೊಡವಿ ಎದ್ದು, ಏರನ್ನು ಹತ್ತಿಯೇಬಿಟ್ಟಿತು. ಎಲ್ಲರಿಗಿಂತ ಹೆಚ್ಚು ದಂಗಾದವನು ಗೊತ್ತಪ್ಪನೇ.

ಮೇಡಂ ತೊಟ್ಟಿ ನೋಡಿ ಬಂದು, "ಇಳಿಯುವಾಗ ನಾನು ಓಡಿಸಲಾ?" ಎಂದರು. ಶಿಷ್ಯೆ ತಾನಾಗಿ ಕೇಳಿದರೆ ಗುರು ಬೇಡ ಎನ್ನುತ್ತಾನೆಯೇ? ಪಕ್ಕದ ಸೀಟಿನಲ್ಲಿ ಅವನು ಕೈ ಕಟ್ಟಿ ಕೂತ. ಮೇಡಂ ಫೋರ್ ಎಲ್‌ನಲ್ಲಿ ಬ್ರೇಕಿನ ಗೊಡವೆಯೇ ಇಲ್ಲದೆ ಇಳಿಸಿದರು. ಟಾರು ಬಂದೊಡನೆ ನಿಲ್ಲಿಸಿ ಟೂ ಎಚ್‌ಗೆ ಹಾಕಿದರು. ಎಂಟು ತಿರುವಿನಲ್ಲಿ ಒಂದರಲ್ಲೂ ಗಾಡಿ ಎಗರಲಿಲ್ಲ. "ಭೇಷ್ ಮೇಡಂ" ಎಂದು ಅವನು ದಾರಿಯುದ್ದಕ್ಕೂ ಹೊಗಳಿದ.

ಗೇಟಿನಲ್ಲಿ ಈ ಮೆರವಣಿಗೆ ಕಂಡ ಸ್ಟೋರ್ ಕೀಪರ್ ಬಾಯಿ ಬಿಟ್ಟುಕೊಂಡು ನಿಂತ. "ಏನಯ್ಯ, ಮೇಡಮ್ಮೇ ನಿನಗೆ ಡ್ರೈವರ್ ಆದ್ರಾ?"

"ಜೀಪು ನಂದೇ ಅಂತ ಬರ್ಕೋ" ಎಂದ ಗೊತ್ತಪ್ಪ.

ಅರ್ಧ ಗಂಟೆಯಲ್ಲಿ ಟೈಪಿಸ್ಟ್ ಆರ್ಡರಿನ ಪ್ರತಿ ತಂದುಕೊಟ್ಟ. ಓದಿದ ಗೊತ್ತಪ್ಪ ನೆಟ್ಟಗೆ ಮೇಡಮ್ಮಿನ ಕೋಣೆಗೆ ನುಗ್ಗಿದ.

"ಮೇಡಂ, ಏನೋ ತಪ್ಪಾಗಿದೆ. ಜೀಪಿಗೆ ಡ್ರೈವರೇ ಬೇಡ ಅಂತ ಬರೆದಿದೆ."

"ತಪ್ಪೇನಿಲ್ಲ" ಎಂದರು ಮೇಡಂ, ಸೀರೆಯ ಒಣ ಕೆಸರು ಉದುರಿಸುತ್ತ. "ಡ್ರೈವಿಂಗು ನಂಗೆ ಹದಿನೈದು ವರ್ಷದಿಂದ ಬರುತ್ತೆ. ಆ ಗಿಡ್ಡ ಗೇರಿಗೆ ಹೆದರಿ ಡ್ರೈವರ್ ಬೇಕು ಅಂದಿದ್ದು. ನೀವು ಸುಮ್ಮನೆ ಚೆನ್ನಾಗಿ ಓಡಿಸಿಬಿಟ್ಟಿದ್ರೆ ನಾನು ಆರಾಮಾಗಿ ಕೂತು ಬರ್ತಿದ್ದೆ, ಏನೂ ಕಲೀತಿರಲಿಲ್ಲ. ಅಷ್ಟು ಕಷ್ಟಪಟ್ಟು ಒಂದೊಂದು ತಪ್ಪನ್ನೂ ಮಾಡಿ ತೋರಿಸಿದ್ರಲ್ಲ, ಇನ್ನು ಸಾಯೋವರೆಗೂ ಮರೆಯಲ್ಲ."

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಸ್ಟೋರ್ ಕೀಪರ್ ಟ್ಯಾಂಕರಿನ ಬೀಗದ ಕೈಯನ್ನು ಗೊತ್ತಪ್ಪನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿದ.