ಯುದ್ಧಕ್ಕೆ ಮುಂಚಿನ ಮಾವ

ನನ್ನ ಸೋದರಮಾವ ಗುಲಾಮಗಿರಿಯಿಂದಾಗಿ ನಡೆದ ಅಮೆರಿಕದ ಅಂತರ್ಯುದ್ಧದ ಬಗ್ಗೆ ಹದಿನೈದು ವರ್ಷದಿಂದ ಮಾತಾಡುತ್ತಿದ್ದಾರೆ, ಆದರೆ ಇವತ್ತಿನವರೆಗೂ ಒಂದೇ ಒಂದು ಗುಂಡು ಹಾರಿಲ್ಲ! ಕತೆ ಯುದ್ಧದವರೆಗೆ ಹೋಗುವುದೇ ಇಲ್ಲ. ಕೇಳಿದರೆ, "ಗುಂಡು ಯಾರು ಬೇಕಾದ್ರೂ ಹಾರಿಸ್ತಾರಮ್ಮ. ಓದಿದವರು, ದೇವರಿಗೆ ಕೈಮುಗಿಯೋರು, ಅಲ್ಲಿವರೆಗೂ ಹೇಗೆ ಬಂದ್ರು ಅನ್ನೋದು ನೋಡು" ಎನ್ನುತ್ತಾರೆ. ನಾವಿರುವುದೂ ಅಮೆರಿಕದಲ್ಲೇ; ಲೊಂಬಾರ್ಡ್ ಊರಿನ ಅವರ ಅಪಾರ್ಟ್‌ಮೆಂಟಿನಲ್ಲಿ ಸೋಫಾದ ಮೇಲೂ ಪುಸ್ತಕಗಳೇ. ಹೋದವರು ನಿಂತೇ ಕಾಫಿ ಕುಡಿಯಬೇಕು.

ಒಮ್ಮೆ ಶಾಮ್‌ಬರ್ಗಿನಲ್ಲಿ ನಮ್ಮ ಮನೆಯ ಸತ್ಯನಾರಾಯಣ ಪೂಜೆ. ದೊಡ್ಡ ಅಲ್ಯೂಮಿನಿಯಂ ಟ್ರೇ ತುಂಬ ಕೇಸರಿಬಾತು. ಮಾವ ಚಮಚದಿಂದ ಅದರ ನಡುವೆ ಉದ್ದಕ್ಕೆ ಗೆರೆ ಎಳೆದರು. "ನೋಡಿ, ಈ ಗೆರೆಯಿಂದ ಮೇಲೆ, ಉತ್ತರದಲ್ಲಿ, ಗುಲಾಮರನ್ನ ಇಟ್ಕೊಳ್ಳೋ ಹಾಗಿಲ್ಲ, ಕೆಳಗೆ ದಕ್ಷಿಣದಲ್ಲಿ ಇಟ್ಕೋಬಹುದು. ಗೆರೆ ಎಳೆದ್ರೆ ಜಗಳ ಮುಗೀತು ಅಂದ್ಕೊಂಡ್ರು!" ಹಿಂದೆ ಮೂವತ್ತು ಜನ ತಟ್ಟೆ ಹಿಡಿದು ಕಾಯುತ್ತಿದ್ದರು. ಆಮೇಲೆ ಏನಾಯಿತು ಗೊತ್ತೇ? ಎಲ್ಲರೂ ಉತ್ತರದ ಕಡೆಯಿಂದಲೇ ಬಡಿಸಿಕೊಂಡರು. ದಕ್ಷಿಣದ ಕೇಸರಿಬಾತನ್ನು ನಾವು ನಾಲ್ಕು ದಿನ ತಿಂದೆವು!

ಇನ್ನೊಂದು ಸಲ ಮಾವ ಡ್ರೈವ್ ಮಾಡುತ್ತಿದ್ದರು. ಓಡಿಹೋದ ಗುಲಾಮರನ್ನು ಹಿಡಿದುಕೊಡಲು ಉತ್ತರದವರೂ ನೆರವಾಗಬೇಕೆಂಬ ಕಾನೂನಿನ ಮೇಲೆ ಸಿಟ್ಟು ನೆತ್ತಿಗೇರಿತ್ತು. ಹಿಂದಿನ ಸೀಟಿನಿಂದ ನನ್ನ ಮಗಳು, "ತಾತಾ, ವಿ ಮಿಸ್ಡ್ ದ ಎಕ್ಸಿಟ್" ಎಂದಳು. ಹೆದ್ದಾರಿಯಿಂದ ನಾವು ಇಳಿಯಬೇಕಿದ್ದ ಇಟಾಸ್ಕಾ ಹಿಂದೆ ಹೋಗಿತ್ತು. ಮಾವ ಸ್ಟಿಯರಿಂಗ್ ಬಡಿದರು. "ಅವರೂ ಹೀಗೇ ಪುಟ್ಟಿ! ಒಂದೊಂದೇ ಎಕ್ಸಿಟ್ ಬಿಟ್ಕೊಂಡೇ ಹೋದ್ರು!"

ಕೊನೆಗೆ ನಮ್ಮ ಬಳಗದವರೆಲ್ಲ ಸೇರಿ, ಊಟದ ಹೊತ್ತಿನಲ್ಲಿ ಆ ವಿಷಯ ಎತ್ತಬಾರದೆಂದು ನಿಯಮ ಮಾಡಿದರು. ಮಾವನ ಮುಖ ಅರಳಿತು! "ಆಗ ಅಮೆರಿಕದ ಸಂಸತ್ತಲ್ಲೂ ಹೀಗೇ ಮಾಡಿದ್ರು! ಗುಲಾಮಗಿರಿ ಬೇಡ ಅಂತ ಬಂದ ಅರ್ಜಿ ಚರ್ಚೆನೇ ಮಾಡ್ಬಾರ್ದು ಅಂತ!" ನಿಯಮದ ಬಗ್ಗೆಯೇ ಒಂದು ಗಂಟೆ ಮಾತಾಡಿದರು.

ಇಂಥ ಮನುಷ್ಯ ಆರು ವರ್ಷ ಒಬ್ಬರ ಹತ್ತಿರ ಮಾತ್ರ ಬಾಯಿ ಬಿಡಲಿಲ್ಲ. ಅದು ಸ್ವಂತ ಅಕ್ಕ, ಡೆಟ್ರಾಯ್ಟ್ ಹತ್ತಿರ ಇರುವ ನನ್ನ ಅಮ್ಮ.

ಆದದ್ದು ಇಷ್ಟು. ಅಮ್ಮನ ಮನೆಯಲ್ಲಿ ಊಟಕ್ಕೆ ಕೂತಾಗ ಮಾವ, ಗುಲಾಮರ ಯಜಮಾನರು 'ಇವರು ನಮ್ಮ ಮನೆಯವರಿದ್ದ ಹಾಗೆ' ಎನ್ನುತ್ತಿದ್ದರೆಂದು ಹೇಳಿ ನಕ್ಕರು. ಅಮ್ಮ ಯೋಚಿಸದೆ, "ನಮ್ಮ ನಿಂಗಮ್ಮನೂ ಹಾಗೇ ಅಲ್ವೇನೋ, ಮನೆಯವಳ ಥರಾನೇ ಇದ್ಲು" ಎಂದಳು.

ನಿಂಗಮ್ಮ ಮೈಸೂರಿನ ಮನೆಯಲ್ಲಿ ಅಮ್ಮನನ್ನೂ ಮಾವನನ್ನೂ ಸಾಕಿದವಳು. ಅಜ್ಜಿಯ ಮದುವೆಯಾದಾಗ ಪಾತ್ರೆಪಗಡದ ಜೊತೆ ಅವಳನ್ನೂ ತವರಿನಿಂದ ಕಳಿಸಿದ್ದರಂತೆ. ಸಾಯುವವರೆಗೂ ಸಂಬಳವಿಲ್ಲ.

ಮಾವನ ನಗು ನಿಂತಿತು. "ಮನೆಯವಳಿಗೆ ಹಿತ್ತಲಲ್ಲಿ ಯಾಕಕ್ಕ ಊಟ ಹಾಕ್ತಿದ್ವಿ?"

ಅಮ್ಮ ಎದ್ದು ಒಳಗೆ ಹೋದಳು. ಅಲ್ಲಿಗೆ ಮುಗಿಯಿತು. ಆಮೇಲೆ ಇಬ್ಬರಿಗೂ ನಾನೇ ಟಪಾಲು. "ನಿಮ್ಮಮ್ಮನ ಮಂಡಿ ಹೇಗಿದೆ? ನಾನು ಕೇಳ್ದೆ ಅಂತ ಹೇಳ್ಬೇಡ" ಎಂದು ಮಾವ. "ಕಾರಿನ ಸುತ್ತ ಸ್ನೋ ಅವನೇ ಎತ್ತಿ ಹಾಕ್ತಾನಾ? ಸೊಂಟ ಹಿಡ್ಕೊಂಡೀತು. ನಾನು ಅಂದೆ ಅಂತ ಅನ್ಬೇಡ" ಎಂದು ಅಮ್ಮ. ನಡುವೆ ಮುನ್ನೂರು ಮೈಲಿ ಕೂಡ ಇಲ್ಲ! ಹಬ್ಬ ಬಂದರೆ ಇಬ್ಬರೂ ಫೋನ್ ಕೈಯಲ್ಲಿ ಹಿಡಿದು ಕೂರುವವರೇ, ಮಾಡುವವರಿಲ್ಲ.

ಈ ವರ್ಷ ಅಮ್ಮನ ಮಂಡಿಗೆ ಆಪರೇಷನ್ ಆಯಿತು. ನಾನು ಹೊರಟ ಬೆಳಿಗ್ಗೆ ಮಾವ ತಾವಾಗಿಯೇ ಬಂದು ಕಾರಿನಲ್ಲಿ ಕೂತರು. ಐದು ಗಂಟೆಯ ದಾರಿ, ಗುಲಾಮಗಿರಿಯ ಒಂದು ಮಾತಿಲ್ಲ. ನನಗೇ ಭಯವಾಗಿ, "ಮಾವ, ಯುದ್ಧ ಎಲ್ಲಿವರೆಗೆ ಬಂತು?" ಎಂದೆ. "ಎಕ್ಸಿಟ್ ಬಿಟ್ಟೀಯ, ನೋಡ್ಕೊಂಡು ಓಡ್ಸು" ಎಂದರು.

ಅಮ್ಮ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದಳು. ಮಾವ ಬಾಗಿಲಲ್ಲೇ ನಿಂತು, "ಅಕ್ಕ, ಅವತ್ತು ನಾನು..." ಎಂದು ಶುರುಮಾಡಿದರು.

"ಸರಿಯಾಗೇ ಹೇಳ್ದೆ" ಎಂದಳು ಅಮ್ಮ. "ಅದಕ್ಕೇ ತಡ್ಕೊಳ್ಳೋಕೆ ಆಗ್ಲಿಲ್ಲ. ಜ್ವರ ಬಂದ್ರೆ ರಾತ್ರಿಯೆಲ್ಲ ನನ್ನ ತಲೆ ಹತ್ರ ಕೂತಿರ್ತಿದ್ಲಲ್ಲೋ. ಪ್ರೀತಿ ಅಂದ್ಕೊಂಡಿದ್ದೆ. ಎಲ್ಲೂ ಹೋಗೋ ಹಾಗಿಲ್ಲ ಅಂತ ಕೂತಿರ್ತಿದ್ಲಾ? ನೀನೇ ಹೇಳು, ಅಷ್ಟೊಂದು ಓದಿದೀಯ."

ಮಾವ ಬಂದು ಸೋಫಾದ ಪಕ್ಕ ನೆಲದ ಮೇಲೆ ಕೂತರು.

"ಗೊತ್ತಿಲ್ಲ ಅಕ್ಕ. ನನ್ನನ್ನೂ ಎತ್ಕೊಂಡು ಓಡಾಡ್ತಿದ್ಲು. ಇವತ್ತಿಗೂ ಅವಳು ನೆನಪಾದ್ರೆ ಸಂಕಟ ಆಗತ್ತೆ. ಅವಳನ್ನೇ ಕೇಳ್ಬೇಕಿತ್ತು."

"ನಾವು ಯಾರೂ ಅವಳನ್ನ ಏನೂ ಕೇಳ್ಲಿಲ್ಲ ಕಣೋ" ಎಂದು ಅಮ್ಮ ತಮ್ಮನ ತಲೆಯ ಮೇಲೆ ಕೈಯಿಟ್ಟಳು. ಎಪ್ಪತ್ತು ದಾಟಿದ ಇಬ್ಬರೂ ತಾಯಿಯನ್ನು ಕಳೆದುಕೊಂಡ ಮಕ್ಕಳಂತೆ ಅತ್ತರು.