ಡಿಬಗ್ ಹಾಲು, ರಿಲೀಸ್ ಹಾಲು

ಪ್ರೋಗ್ರಾಮು ಬರೆಯುವವನಿಗೆ ಮರೆವು ಇರಬಾರದು. ನನಗೆ ಧಾರಾಳವಾಗಿತ್ತು, ಹಾಗಾಗಿ ಇಂಥವು ನಡೆಯುತ್ತಲೇ ಇದ್ದವು. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಚಾಮರಾಜನಗರದ ಒಂದು ಮಹಡಿ ಕೋಣೆಯಲ್ಲಿ ಕೂತು ಹಳ್ಳಿ ಡೈರಿಗಳಿಗೆ ಪ್ರೋಗ್ರಾಮು ಬರೆಯುತ್ತಿದ್ದೆ. ಹಾಲು ಪರೀಕ್ಷಿಸುವ ಮಿಷನ್ನು ಹೇಳಿದ ಫ್ಯಾಟನ್ನು, ಅಂದರೆ ಹಾಲಿನ ದರ ತೀರ್ಮಾನಿಸುವ ಕೊಬ್ಬಿನಂಶವನ್ನು, ಕಂಪ್ಯೂಟರು ಚೀಟಿಯಲ್ಲಿ ಅಚ್ಚುಮಾಡಬೇಕು, ಅಷ್ಟೇ. ನಮ್ಮ ಪರೀಕ್ಷೆಗೆ ಮಾತ್ರ ಬೇಕಾದ ಸಾಲುಗಳಿಗೆ 'ಡಿಬಗ್' ಎಂದು ಬೇಲಿ ಹಾಕುತ್ತಿದ್ದೆ. ಊರಿಗೆ ಕಳಿಸುವ 'ರಿಲೀಸ್' ಪ್ರತಿಯನ್ನು ಕಂಪೈಲ್ ಮಾಡುವಾಗ ಬೇಲಿಯೊಳಗಿನದೆಲ್ಲ ತಾನೇ ಬಿಟ್ಟುಹೋಗುತ್ತಿತ್ತು. ಮರೆತು, ಬೇಲಿಯೊಳಗಿನದೂ ಇರುವ ಡಿಬಗ್ ಪ್ರತಿಯನ್ನೇ ಡೈರಿಗೆ ಕಳಿಸಿಬಿಟ್ಟರೆ ಮಾತ್ರ ಮುಗಿಯಿತು.

೧. ಚಂದಕವಾಡಿಯ ಸೌಜನ್ಯ

ಮೊದಲ ಸಲವೇ ಹಾಗಾಯಿತು. ಪ್ರೋಗ್ರಾಮು ಎಲ್ಲಿ ನಿಲ್ಲುತ್ತದೆಂದು ತಿಳಿಯಲು ಹೆಜ್ಜೆಹೆಜ್ಜೆಗೂ 'ಇಲ್ಲಿಗೆ ಬಂದೆ' ಎಂದು ಪರದೆಯ ಮೇಲೆ ಬರುವಂತೆ ಮಾಡಿದ್ದೆ. ಓಕೆ ಒತ್ತಿದರೆ ಮಾತ್ರ ಮುಂದಕ್ಕೆ. ಹತ್ತು ದಿನ ಬಿಟ್ಟು ಹೋದರೆ ಚಂದಕವಾಡಿಯ ಡೈರಿ ಸೆಕ್ರೆಟರಿ ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದರು. ಏನಾಯಿತೆಂದೆ.

"ಅದು ಬಂದೆ ಬಂದೆ ಅಂತದ ಸಾ. ನಾನು ಓಕೆ ಒತ್ತಿ ಬಾ ಬಾ ಅಂತೀನಿ. ನಮ್ ಮನ ನೆಂಟ್ರುಗೂ ಇಷ್ಟ್ ಸಲ ಅಂದಿಲ್ಲ."

೨. ಗುಂಡ್ಲುಪೇಟೆಯ ಮಿಷನ್ನು

ಆಮೇಲೆ ಮರೆಯದೆ ರಿಲೀಸ್ ಪ್ರತಿಯನ್ನೇ ಗುಂಡ್ಲುಪೇಟೆಗೆ ಒಯ್ದೆ. ಮಿಷನ್ನು ತುಟಿಪಿಟಕ್ಕೆನ್ನಲಿಲ್ಲ. ಕ್ಯಾನು ಹಿಡಿದವರ ಸಾಲು ರಸ್ತೆಗೆ ಮುಟ್ಟಿತು, ನನ್ನ ಅಂಗಿ ಬೆನ್ನಿಗೆ ಅಂಟಿತು. ಮಿಷನ್ನನ್ನು ಬಸ್ಸಿನಲ್ಲಿ ಆಫೀಸಿಗೆ ಹೊತ್ತು ತಂದರೆ ಅಲ್ಲಿ ನನ್ನ ಡಿಬಗ್ ಪ್ರತಿಯ ಜೊತೆ ಚೆನ್ನಾಗಿಯೇ ಮಾತಾಡಿತು. ವಾಪಸು ಒಯ್ದರೆ ಮತ್ತೆ ಮೌನ. ಹೀಗೆ ಮೂರು ಸಲ. ಕೊನೆಗೆ ನೋಡಿದರೆ, ಮಿಷನ್ನನ್ನು ಎಬ್ಬಿಸುವ ಸಾಲನ್ನೇ ಬೇಲಿಯೊಳಗೆ ಬರೆದಿದ್ದೆ; ರಿಲೀಸ್ ಪ್ರತಿಯಲ್ಲಿ ಅದೇ ಬಿಟ್ಟುಹೋಗಿತ್ತು. ಅಷ್ಟರಲ್ಲಿ ಅಲ್ಲಿನ ಸೆಕ್ರೆಟರಿ ತಮ್ಮದೇ ತೀರ್ಮಾನಕ್ಕೆ ಬಂದಿದ್ದರು.

"ಹೊಸ ಸೊಸ ಸಾ ಅದು. ತವರುಮನಲಿ ಮಾತ್ರ ಮಾತಾಡ್ತದ."

೩. ಕುದೇರಿನ ಪತ್ರ

ಇದನ್ನೆಲ್ಲ ಕೇಳಿ ನಮ್ಮ ಆಫೀಸಿನ ಮಾಲೀಕರು ನಗಲಿಲ್ಲ. ಇನ್ನೊಂದು ಡೈರಿಯಿಂದ ದೂರು ಬಂದರೆ ಬೇರೆ ಕೆಲಸ ನೋಡಿಕೋ ಎಂದರು. ಮನೆಯಲ್ಲಿ ಸಂಬಳ ತರುತ್ತಿದ್ದವನು ನಾನೊಬ್ಬನೇ. ಮೈಯೆಲ್ಲ ಕಣ್ಣಾಗಿ ಕೆಲಸ ಮಾಡಿದೆ. ಮಿಷನ್ನು ಹೊರುವ ಕಷ್ಟ ಬೇಡವೆಂದು, ಮಿಷನ್ನು ಇರಲಿ ಬಿಡಲಿ ಫ್ಯಾಟು ನಾಲ್ಕೂವರೆ ಬಂತೆಂದು ಕಂಪ್ಯೂಟರು ತಿಳಿಯುವ ಸಾಲನ್ನು ಡಿಬಗ್ ಬೇಲಿಯೊಳಗೆ ಬರೆದು ಪರೀಕ್ಷಿಸಿದೆ. ಸೀಡಿಯನ್ನು ಕುದೇರಿನ ಡೈರಿಗೆ ಕೊಟ್ಟೆ.

ತಿಂಗಳಾದರೂ ಕುದೇರಿನಿಂದ ಒಂದೂ ದೂರಿಲ್ಲ. ಮಾಲೀಕರು ಬೆನ್ನು ತಟ್ಟಿ, ಸೆಕ್ರೆಟರಿಯಿಂದ ಮೆಚ್ಚುಗೆ ಪತ್ರ ಬರೆಸಿಕೊಂಡು ಬಾ ಎಂದು ಕಳಿಸಿದರು.

ಹೋದೆ. ಸೆಕ್ರೆಟರಿ ಪತ್ರ ಬರೆದೇ ಇಟ್ಟಿದ್ದರು. ಅದನ್ನು ಕೈಗೆ ತೆಗೆದುಕೊಳ್ಳುವಾಗ ಪರದೆ ಕಂಡಿತು. ಸಾಲಿನಲ್ಲಿ ಮೊದಲನೆಯವರ ಹಾಲು ನಾಲ್ಕೂವರೆ. ಎರಡನೆಯವರದೂ, ಮೂರನೆಯವರದೂ ನಾಲ್ಕೂವರೆ. ಕುಡಿಯಲು ಕೊಟ್ಟಿದ್ದ ನೀರನ್ನೇ ಮಿಷನ್ನಿಗೆ ಹಾಕಿದೆ. ನೀರಿಗೂ ನಾಲ್ಕೂವರೆ. ನಾನು ಕೊಟ್ಟಿದ್ದು ಡಿಬಗ್ ಸೀಡಿ.

ಪತ್ರ ಜೇಬಿಗಿಟ್ಟು ಬಸ್ಸು ಹತ್ತಿದ್ದರೆ ಕೆಲಸ ಉಳಿಯುತ್ತಿತ್ತು. ಮನಸ್ಸು ಒಪ್ಪಲಿಲ್ಲ. ಬ್ಯಾಗಿನಲ್ಲೇ ಉಳಿದುಹೋಗಿದ್ದ ರಿಲೀಸ್ ಸೀಡಿ ಹಾಕಿದೆ. ಫ್ಯಾಟು ಮೂರಕ್ಕಿಳಿಯಿತು, ಒಬ್ಬರದಂತೂ ಎರಡಕ್ಕೆ. ಸಾಲು ಮುರಿದು ಎಲ್ಲರೂ ನನ್ನನ್ನು ಸುತ್ತುಗಟ್ಟಿದರು. ಒಬ್ಬ ಅಜ್ಜಿ ನನ್ನ ತೋಳು ಹಿಡಿದು ಕೇಳಿದರು: "ನನ್ ಹಸ ನೆನ್ನಗಂಟ ನಾಕೂವರ ಕೊಡ್ತಿತ್ತು. ನೀನ್ ಏನ್ಲಾ ಮಾಡ್ಬುಟ್ಟ ಅದ್ಕ?"

ಸೆಕ್ರೆಟರಿ ನನ್ನ ಕೈಯಿಂದ ಪತ್ರ ಕಿತ್ತುಕೊಂಡರು. ಹಾಳೆ ದಂಡ ಮಾಡುವುದೇಕೆಂದು ಅದರ ಹಿಂಬದಿಯಲ್ಲೇ ದೂರು ಬರೆದರು. ಚೆನ್ನಾಗಿದ್ದ ಕಂಪ್ಯೂಟರನ್ನು ಇವನು ಬಂದು ಕೆಡಿಸಿದನೆಂದು. ಅದರ ಕೆಳಗೆ ಊರವರ ರುಜು, ಹೆಬ್ಬೆಟ್ಟು.

ಅದನ್ನೇ ತಂದು ಮಾಲೀಕರ ಮೇಜಿನ ಮೇಲಿಟ್ಟು, ನಡೆದದ್ದೆಲ್ಲ ಹೇಳಿ, ಕೆಲಸ ಹೋಯಿತೆಂದೇ ನಿಂತೆ. ಅವರು ಮುಂಬದಿ ಓದಿ ಹಿಗ್ಗಿದರು. ತಿರುಗಿಸಿ ಹಿಂಬದಿ ಓದಿದರು. ಹೆಬ್ಬೆಟ್ಟುಗಳನ್ನು ಒಂದೊಂದಾಗಿ ಎಣಿಸಿದರು. ಆಮೇಲೆ ಹಾಳೆಯನ್ನು ನನ್ನತ್ತ ತಳ್ಳಿ ಹೇಳಿದರು:

"ಹೋಗಿ ಫ್ರೇಮ್ ಹಾಕಿಸ್ಕೊಂಡ್ ಬಾರಯ್ಯ. ಹಾಳೆಯ ಯಾವ ಬದಿ ಗೋಡೆಗೆ ತಿರುಗಿರ್ಬೇಕು ಅಂತ ಅದ್ನೂ ನಾನೇ ಹೇಳ್ಬೇಕಾ?"