ಕಾಲಿಗೊಂದು ಕುರಿ

ನಿಮ್ಮಲ್ಲಿ ಯಾರಾದರೂ ಮೈಮೇಲೆ ನೂಲಿಲ್ಲದ ಹೆಂಗಸಿನ ಚಿತ್ರ ಬರೆದು ಅಮ್ಮನ ಕೈಗೆ ಸಿಕ್ಕಿಬಿದ್ದಿದ್ದೀರಾ? ಕೈ ಎತ್ತಿ, ನಾಚಿಕೆ ಬೇಡ. ಒಬ್ಬರೂ ಇಲ್ಲವೇ? ಸರಿ, ಹಾಗಾದರೆ ಇಡೀ ಮಧುಗಿರಿ ಸೀಮೆಗೆ ಆ ಕೀರ್ತಿ ನನಗೊಬ್ಬಳಿಗೇ. ಅದನ್ನು ಮೊನ್ನೆ ನೆನಪಿಸಿದವಳು ಮೊಮ್ಮಗಳು ಚಿನ್ನು. ಜಪಾನಿನ ಅನಿಮೆ ಕಾರ್ಟೂನಿನ ಗೊಂಬೆಯೊಂದನ್ನು ಬಿಡಿಸುತ್ತಾ ಕೂತಿದ್ದಳು. ಕೋಳಿಮೊಟ್ಟೆಯಷ್ಟು ಕಣ್ಣು; ಅಂಗಿ, ಅದರ ಮೇಲೊಂದು ಜಾಕೆಟ್ಟು, ಜಾಕೆಟ್ಟಿನ ಮೇಲೆ ಮಂಡಿಯುದ್ದದ ಕೋಟು, ಸಾಲದ್ದಕ್ಕೆ ಕುತ್ತಿಗೆಗೆ ಮಫ್ಲರು. "ಈ ಬಿಸ್ಲಲ್ಲಿ ಆ ಮಗೀಗೆ ಬೆವರುಸಾಲೆ ಏಳಲ್ವೇನೇ?" ಎಂದೆ. "ಸುಮ್ನಿರಜ್ಜಿ. ಮೊದ್ಲು ಮೈ ಬಿಡಿಸ್ಬೇಕು, ಆಮೇಲೆ ಒಂದೊಂದೇ ಬಟ್ಟೆ. ಇಲ್ದಿದ್ರೆ ತಂತಿ ಮೇಲೆ ಒಣಗಾಕ್ದಂಗೆ ಕಾಣ್ತದೆ" ಎಂದಳು.

ಅಯ್ಯೋ, ಎಪ್ಪತ್ತರ ದಶಕದಲ್ಲಿ ನಮ್ಮ ಡ್ರಾಯಿಂಗ್ ಮೇಷ್ಟ್ರು ಹೇಳಿದ್ದೂ ಇದನ್ನೇ! ನಾನಾಗ ಪಿಯುಸಿ ಮುಗಿಸಿ ದೊಡ್ಡೇರಿಯ ಮನೆಯಲ್ಲಿದ್ದೆ. ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿ ಟೀಚರಾಗುವ ಹುಚ್ಚು. ಅಪ್ಪ ಖಡಾಖಂಡಿತವಾಗಿ ಹೇಳಿದ್ದರು: "ಎಲ್ಡು ಸಲ ಪರೀಕ್ಷೆಗೆ ಕೂತ್ಕೋ. ಮೂರ್ನೇ ಸಲ ಕೂರೋದು ಹಸೆಮಣೆ ಮ್ಯಾಲೇಯ." ಸರಿ, ಮೇಷ್ಟ್ರ ಮಾತಿನಂತೆ ಮೊದಲು ಮೈ ಬರೆದೆ. ಸೀರೆ ನಾಳೆ ಉಡಿಸೋಣವೆಂದು ಕಾಗದವನ್ನು ದಿಂಬಿನಡಿ ಇಟ್ಟೆ. ಹಾಸಿಗೆ ಮಡಿಸಲು ಬಂದ ಅಮ್ಮನಿಗೆ ಅದು ಸಿಕ್ಕಿತು.

"ಯಾವಳೇ ಇವ್ಳು?"

"ಇನ್ನೂ ಬಟ್ಟೆ ಹಾಕಿಲ್ಲ ಕಣಮ್ಮ."

"ಅದು ಕಾಣ್ತೈತೆ! ಇದೇನು ಚಿತ್ರ ಬಿಡ್ಸೋದಾ, ಸೀರೆ ಬಿಡ್ಸೋದಾ? ನಿಮ್ಮಪ್ಪ ಬರೋದ್ರೊಳಗೆ ಮೈ ಮುಚ್ಚು. ಲಂಗ ಹಾಕು. ಅದ್ರ ಮ್ಯಾಲೆ ಸೀರೆ. ಸೆರಗು ಹೊದ್ಸು. ಚಳಿ ಐತೆ, ಒಂದು ಶಾಲೂ ಇರ್ಲಿ."

ಅಂದಿನಿಂದ ನಮ್ಮ ಮನೆಯಲ್ಲಿ ಬಟ್ಟೆಯೇ ಮೊದಲು. ಒಳಗೆ ಮೈ ಇದೆಯೋ ಇಲ್ಲವೋ ದೇವರಿಗೇ ಗೊತ್ತು. ಒಂದು ಅನುಕೂಲವೂ ಆಯಿತು ಅನ್ನಿ. ಸೀರೆ ನೆಲ ಗುಡಿಸುತ್ತಿದ್ದರಿಂದ ಪಾದ ಬರೆಯುವ ಕಷ್ಟ ತಪ್ಪಿತು. ನಾನು ಪಾದ ಬರೆದರೆ ಶುಂಠಿ ಗೆಡ್ಡೆಯಾಗುತ್ತಿತ್ತು. ಹೋದ ತಿಂಗಳಷ್ಟೇ ಕಲಿತು ನಾನು ಇದನ್ನು ಟೈಪ್ ಮಾಡುತ್ತಿರುವ ಈ ಫೋನಿಗೂ ಅದೇ ರೋಗ. 'ಪಾದ' ಎಂದು ಒತ್ತಿದರೆ 'ಪಾಪ' ಎನ್ನುತ್ತದೆ.

ಪರೀಕ್ಷೆಯಲ್ಲಿ ಬಂದದ್ದೇನು? ಕಂಬಳಿ ಹೊದ್ದು ನಿಂತ ಕುರಿಗಾಹಿ, ತಲೆಯಿಂದ ಕಾಲಿನವರೆಗೆ! ರುಮಾಲು ಸುತ್ತಿದೆ, ಅಂಗಿ ತೊಡಿಸಿದೆ, ಕೋಟು ಹಾಕಿದೆ, ಕಂಬಳಿ ಹೊದಿಸಿದೆ. ಪಂಚೆ ಮಾತ್ರ ಮಂಡಿಗೇ ನಿಂತುಬಿಟ್ಟಿತು. ಕೆಳಗೆ ಪಾದ ಬೇಕಲ್ಲ! ಆಗ ಹೊಳೆಯಿತು, ಕುರಿ. ಕುರಿಮಂದೆಗಳ ಊರು ದೊಡ್ಡೇರಿಯಲ್ಲಿ ಹುಟ್ಟಿದವಳಿಗೆ ಕುರಿ ಯಾವ ಲೆಕ್ಕ? ಅವನ ಕಾಲಿಗೆ ಅಡ್ಡವಾಗಿ ಒಂದು ಕುರಿ ಮಲಗಿಸಿದೆ. ನಿಲ್ಲಿಸಿದ್ದರೆ ಅದಕ್ಕೂ ನಾಲ್ಕು ಕಾಲು ಬರೆಯಬೇಕಿತ್ತು.

ಫಲಿತಾಂಶ ಬಂದ ದಿನ ಮೇಷ್ಟ್ರು ಅಂದರು: "ಕುರಿ ಪಾಸು ಕಣಮ್ಮ, ಕಾಯೋನು ಫೇಲು."

ಅಳುತ್ತಾ ಮನೆಗೆ ಬಂದು ಅಮ್ಮನ ಮೇಲೆ ಹಾರಿಬಿದ್ದೆ. "ಎಲ್ಲಾ ನಿನ್ನಿಂದ್ಲೇ! ಮುಚ್ಚು ಮುಚ್ಚು ಅಂತಿದ್ದೆ." ಅಮ್ಮ ಸೊಂಟಕ್ಕೆ ಕೈಯಿಟ್ಟು, "ನಾನು ಮೈ ಮುಚ್ಚು ಅಂದೆ. ಕಾಲಿಗೆ ಕುರಿ ಹೊದ್ಸು ಅಂದ್ನೇನೇ?" ಎಂದವಳು ಜಗಲಿಯ ಮೇಲೆ ಕೂತು, ಸೀರೆ ಒಂದು ಗೇಣು ಎತ್ತಿ ಎರಡೂ ಕಾಲು ಚಾಚಿದಳು. "ತಗಾ, ಇವನ್ನ ನೋಡ್ಕೊಂಡು ಬರಿ. ಅದ್ಹೆಂಗೆ ಬರಲ್ವೋ ನಾನೂ ನೋಡೇ ಬುಡ್ತೀನಿ." ವರ್ಷವಿಡೀ ಸಂಜೆ ಅಮ್ಮ ಕಾಲು ಚಾಚಿ ಕಡ್ಲೆಕಾಯಿ ಬಿಡಿಸಿದಳು, ನಾನು ಆ ಕಾಲು ಬಿಡಿಸಿದೆ. ಎರಡನೇ ಸಲ ಪಾಸಾದೆ. ಹಸೆಮಣೆಯನ್ನೂ ಟೀಚರಮ್ಮನಾಗಿಯೇ ಏರಿದೆ.

ಮೊನ್ನೆ ಚಿನ್ನುವಿನ ಗೊಂಬೆ ಮುಗಿಯಿತು. ನೋಡುತ್ತೇನೆ, ಮಂಡಿಯ ಕೆಳಗೆ ಬರೀ ಹೊಗೆ!

"ಪಾದ ಎಲ್ಲೇ?"

"ಅದು ಮಂಜು ಅಜ್ಜಿ, ಎಫೆಕ್ಟು."

ನನ್ನದೇ ರಕ್ತ! ಈ ಕತೆಯನ್ನೆಲ್ಲ ಹೇಳಿ, ಅಮ್ಮನ ಹಾಗೆಯೇ ಸೀರೆ ಗೇಣು ಎತ್ತಿ ಎರಡೂ ಕಾಲನ್ನು ಅವಳ ಮುಂದೆ ಚಾಚಿದೆ. "ತಗಾ, ನೋಡ್ಕೊಂಡು ಬಿಡ್ಸು." ಅವಳು ನನ್ನ ಒಡೆದ ಹಿಮ್ಮಡಿಯನ್ನೂ ಒಂದರ ಮೇಲೊಂದು ಹತ್ತಿ ಕೂತ ಬೆರಳುಗಳನ್ನೂ ಬಗ್ಗಿ ನೋಡಿದಳು. ಆಮೇಲೆ ನಿಧಾನಕ್ಕೆ ನನ್ನ ಸೀರೆಯನ್ನು ಕೆಳಗೆಳೆದು ಅಂದಳು:

"ಬ್ಯಾಡ ಬುಡಜ್ಜಿ, ಇದಕ್ಕಿಂತ ನಿನ್ ಕುರೀನೇ ವಾಸಿ!"